ಸಂಗಮ್ಮ, ನೀಲಮ್ಮ, ಪೆಂಟಮ್ಮ: ನಮ್ಮ ಗಡಿಯ ಹೆಣ್ಣುಮಕ್ಕಳ ಹೆಸರುಗಳ ಚರಿತ್ರೆ

ಊರುಗಳ ಚರಿತ್ರೆ ಬರೆಯುವವರು ಕೋಟೆ, ಗುಡಿ, ಶಾಸನಗಳನ್ನು ಹುಡುಕುತ್ತಾರೆ. ಅದು ಸರಿಯೇ. ಆದರೆ ನಮ್ಮ ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ನಮಗೆ ಇನ್ನೊಂದು ಚರಿತ್ರೆ ದಿನವೂ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ. ಅದು ಹಾಜರಿ ಪುಸ್ತಕ! ಅದರಲ್ಲಿರುವ ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದರೆ ಕಲ್ಯಾಣದ ಚಾಲುಕ್ಯರು, ಹನ್ನೆರಡನೆಯ ಶತಮಾನದ ಶರಣೆಯರು, ನಿಜಾಮರ ಉರ್ದು ದಫ್ತರು, ಮರಾಠಿ ನೆರೆಹೊರೆ, ತೆಲುಗು ಸಂತೆ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ.

ಮಗಳಿಗೆ ಯಾವ ಹೆಸರಿಡಬೇಕು, ಮನೆಯಲ್ಲಿ ಏನೆಂದು ಕರೆಯಬೇಕು, ಶಾಲೆಯಲ್ಲಿ ಹೇಗೆ ಬರೆಸಬೇಕು, ನಡುವೆ ತಂದೆಯ ಹೆಸರೋ ಮನೆತನದ ಹೆಸರೋ - ಇವು ಪಾಲಕರು ಆಗಾಗ ಕೇಳುವ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಮೊದಲು ನಮ್ಮ ಹೆಸರುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯಬೇಕು. ಹಳೆಯದೆಂದು ನಾವು ಎಸೆಯುತ್ತಿರುವುದು ಏನು ಎಂದು ತಿಳಿಯದೆ ಎಸೆಯಬಾರದಲ್ಲವೇ?

ಅಬ್ಬೆಯಿಂದ ಅವ್ವನವರೆಗೆ

ಕನ್ನಡ ನಾಡಿನ ಶಾಸನಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಬರುವ ಅತ್ಯಂತ ಹಳೆಯ ಗೌರವಸೂಚಕಗಳಲ್ಲಿ ಒಂದು 'ಅಬ್ಬೆ'. ಅಬ್ಬೆ ಎಂದರೆ ತಾಯಿ. ಇದೇ ಮುಂದೆ 'ಅವ್ವೆ'ಯಾಯಿತು, 'ಅವ್ವ'ವಾಯಿತು. ಶಿಕಾರಿಪುರ ತಾಲೂಕಿನ ಬಂದಳಿಕೆಯ 918ರ ಶಾಸನದಲ್ಲಿ ಜಕ್ಕಿಯಬ್ಬೆ ಎಂಬವಳ ಕಥೆ ಇದೆ. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ಅವಳೇ ನಡೆಸಿದಳು. ಜಕ್ಕಿ ಎಂಬುದು ಸಂಸ್ಕೃತದ 'ಯಕ್ಷಿ'ಯ ಕನ್ನಡ ರೂಪ. ಲಕ್ಷ್ಮಿ 'ಲಕ್ಕಿ'ಯಾದಂತೆ, ದುರ್ಗೆ 'ದುಗ್ಗಿ'ಯಾದಂತೆ. ಹಾಗಾಗಿ 'ಲಕ್ಕವ್ವ' ಎಂದರೆ ಲಕ್ಷ್ಮಿಯನ್ನು ಸರಿಯಾಗಿ ಉಚ್ಚರಿಸಲು ಬಾರದವರು ಕೆಡಿಸಿದ ಹೆಸರು ಎಂದು ಯಾರಾದರೂ ನಕ್ಕರೆ, ನಾವು ನಗಬೇಕಾಗಿಲ್ಲ. ಅದು ಕನ್ನಡದ ನಾಲಿಗೆ ಸಾವಿರ ವರ್ಷದ ಹಿಂದೆಯೇ ತನ್ನದಾಗಿ ಮಾಡಿಕೊಂಡ ಹೆಸರು.

ಅತ್ತಿಮಬ್ಬೆಯ ಹೆಸರನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ರನ್ನ ಕವಿ 993ರಲ್ಲಿ 'ಅಜಿತಪುರಾಣ' ಬರೆದದ್ದು ಇವಳ ಆಶ್ರಯದಲ್ಲಿ. ಲಕ್ಕುಂಡಿಯಲ್ಲಿ ಇವಳು ಬಸದಿ ಕಟ್ಟಿಸಿದಳು, ಅಲ್ಲಿನ 1007ರ ಶಾಸನ ಇವಳನ್ನು ಕೊಂಡಾಡುತ್ತದೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಪ್ರಸಿದ್ಧಿ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆದರೆ ಅವಳ ತಂಗಿಯ ಹೆಸರು ಎಷ್ಟು ಮಂದಿಗೆ ನೆನಪಿದೆ? ಗುಂಡಮಬ್ಬೆ. ಅಕ್ಕತಂಗಿಯರಿಬ್ಬರೂ ನಾಗದೇವನೆಂಬ ದಂಡನಾಯಕನನ್ನೇ ಮದುವೆಯಾಗಿದ್ದರು. ಅವನು ಸತ್ತಾಗ ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಬದುಕಿ ಧರ್ಮಕಾರ್ಯ ಮಾಡಿದಳು. ಇಂದು ನಮ್ಮ ತರಗತಿಯಲ್ಲಿ 'ಗುಂಡಮ್ಮ' ಎಂಬ ಹೆಸರು ಕೂಗಿದರೆ ಹುಡುಗರು ಕಿಸಕ್ಕನೆ ನಗುತ್ತಾರೆ. ಆ ಹೆಸರು ರನ್ನನ ಕಾಲದ ದಂಡನಾಯಕನ ಮನೆಯದು ಎಂದು ಹೇಳಿದ ದಿನ ನಗು ನಿಲ್ಲುತ್ತದೆ.

ಇನ್ನೊಂದು ಮಾತು. ರನ್ನ ತನ್ನ ತಾಯಿ ಅಬ್ಬಲಬ್ಬೆಯ ಹೆಸರನ್ನು ತಾನೇ ಹೇಳಿಕೊಂಡಿದ್ದಾನೆ. ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಒಂದು ಚಾವುಂಡರಾಯನ ನೆನಪು, ಇನ್ನೊಂದು ಆಶ್ರಯ ಕೊಟ್ಟ ತಾಯಿಯ ನೆನಪು. ದೇವರ ಹೆಸರನ್ನಲ್ಲದೆ, ಉಪಕಾರ ಮಾಡಿದ ಮನುಷ್ಯರ ಹೆಸರನ್ನೂ ಮಕ್ಕಳಿಗಿಡುವ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದು ನೋಡಿ.

ಕಲ್ಯಾಣದ ಹೆಸರುಗಳು

ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಹುಮನಾಬಾದ್ ದಾಟಿ ಬಸವಕಲ್ಯಾಣದ ದಾರಿ ಸಿಗುತ್ತದೆ. ಚಾಲುಕ್ಯರ ರಾಜಧಾನಿ ನಮಗೆ ಅಷ್ಟು ಹತ್ತಿರ. ಆ ಅರಮನೆಯ ರಾಣಿಯರ ಹೆಸರುಗಳಲ್ಲಿ ಒಂದು ಲಯವಿದೆ. ಚಂದಲದೇವಿ, ಮೈಲಲದೇವಿ, ಕೇತಲದೇವಿ, ಸಾವಲದೇವಿ. ಕೇತಲದೇವಿ ಒಂದನೆಯ ಸೋಮೇಶ್ವರನ ರಾಣಿ. ಚಂದಲದೇವಿ ಆರನೆಯ ವಿಕ್ರಮಾದಿತ್ಯನ (1076-1126) ರಾಣಿ. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡಿನ ಆಡಳಿತ ನಡೆಸಿದಳು. ಅವಳಿಗೆ 'ಗುಣದಬೆಡಂಗಿ' ಎಂಬ ಬಿರುದಿತ್ತು. ಹುಟ್ಟಿದಾಗ ಇಟ್ಟ ಹೆಸರು ಒಂದು, ಜನ ಮೆಚ್ಚಿ ಕೊಟ್ಟ ಹೆಸರು ಇನ್ನೊಂದು. ಅತ್ತಿಮಬ್ಬೆಗೆ 'ದಾನಚಿಂತಾಮಣಿ' ಎಂದು ಹೆಸರಾದದ್ದೂ ಹೀಗೆಯೇ.

ಮುಂದೆ ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರ ಕಾಲ ಬಂತು. ಆಗ ಹೆಸರುಗಳ ಚಹರೆಯೇ ಬದಲಾಯಿತು. ಅಕ್ಕಿ ಆಯುವ ಕಾಯಕದ ಲಕ್ಕಮ್ಮ, ಕದಿರೆ ನೂಲುವ ರೆಮ್ಮವ್ವೆ, ಅಕ್ಕಿ ಕುಟ್ಟುವ ಕೊಟ್ಟಣದ ಸೋಮವ್ವೆ, ಸೂಳೆ ಸಂಕವ್ವೆ, ಸತ್ಯಕ್ಕ, ಅಮುಗೆ ರಾಯಮ್ಮ. ಇವರು ರಾಣಿಯರಲ್ಲ. ತಮ್ಮ ಹೆಸರಿನ ಮುಂದೆ ಗಂಡನ ಊರನ್ನೋ ವಂಶವನ್ನೋ ಹೇಳುವ ಬದಲು ಕಾಯಕವನ್ನೇ ಹೇಳಿಕೊಂಡರು. ಮೊದಲ ಹೆಸರು, ಮನೆತನದ ಹೆಸರು ಎಂದು ನಾವು ಇಂದು ಅರ್ಜಿಗಳಲ್ಲಿ ತುಂಬುವ ಜಾಗದಲ್ಲಿ ಅವರು ದುಡಿಮೆಯನ್ನು ಬರೆದರು ಎನ್ನಬಹುದು.

ಒಬ್ಬಳೇ ಹೆಣ್ಣುಮಗಳಿಗೆ ಎಷ್ಟು ಹೆಸರಿರಬಹುದು? ಬಸವಣ್ಣನವರ ಅಕ್ಕನನ್ನೇ ನೋಡಿ. ನಾಗಲಾಂಬಿಕೆ, ನಾಗಾಯಿ, ನಾಗಮ್ಮ, ಅಕ್ಕನಾಗಮ್ಮ. ಬಸವಣ್ಣನವರ ಮಡದಿ ನೀಲಾಂಬಿಕೆ, ನೀಲಲೋಚನೆ, ನೀಲಮ್ಮ. ದೊಡ್ಡ ಸಭೆಗೆ ಒಂದು, ಪುರಾಣಕ್ಕೆ ಒಂದು, ಅಡುಗೆಮನೆಗೆ ಒಂದು. ಬರೆಯುವ ಹೆಸರು ಬೇರೆ, ಕರೆಯುವ ಹೆಸರು ಬೇರೆ ಎಂಬುದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲವೇ ಅಲ್ಲ! ನಮ್ಮ ಭಾಗದಲ್ಲಿ ಇಂದಿಗೂ ಮನೆಮನೆಗೆ ಸಿಗುವ ನೀಲಮ್ಮ, ನಾಗಮ್ಮ, ಗಂಗಮ್ಮ, ಮಹಾದೇವಿ - ಈ ನಾಲ್ಕು ಹೆಸರುಗಳೇ ಕಲ್ಯಾಣದ ಚರಿತ್ರೆಯನ್ನು ಹೇಳಿಬಿಡುತ್ತವೆ.

ಝರಾಸಂಗಮದ ಸಂಗಮ್ಮ

ಈಗ ನಮ್ಮೂರಿಗೆ ಬರೋಣ. ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರ ದೇವಸ್ಥಾನವಿದೆ. ಝರಿಗಳ ಸಂಗಮವಾದ ಊರು ಝರಾಸಂಗಮ. ಶಿವಪೂಜೆಗೆ ಕೇದಗೆ ಹೂವು ನಿಷಿದ್ಧವೆಂದು ಎಲ್ಲೆಡೆ ಹೇಳುತ್ತಾರೆ. ಆದರೆ ಇಲ್ಲಿ ಮಾತ್ರ ಅದೇ ಹೂವು ಶಿವನಿಗೆ ಪ್ರಿಯ. ಕುಪೇಂದ್ರನೆಂಬ ರಾಜ ಬೇಟೆಗೆ ಬಂದು, ಕೇತಕಿ ವನದ ನೀರಿನಲ್ಲಿ ಮೈ ತೊಳೆದು ಚರ್ಮರೋಗ ಕಳೆದುಕೊಂಡನೆಂದು ಸ್ಥಳಪುರಾಣ. ಬೀದರ್, ಕಲಬುರಗಿ ಕಡೆಯಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಶಿವರಾತ್ರಿಯಲ್ಲಂತೂ ಕನ್ನಡ, ತೆಲುಗು, ಮರಾಠಿ ಮೂರೂ ಕಿವಿಗೆ ಬೀಳುತ್ತವೆ.

ಈ ದೇವರ ಹೆಸರಿನಿಂದ ಸುತ್ತಲಿನ ಹಳ್ಳಿಗಳಲ್ಲಿ ಗಂಡಿಗೆ ಸಂಗಪ್ಪ, ಸಂಗಯ್ಯ, ಸಂಗಮೇಶ, ಸಂಗಾರೆಡ್ಡಿ. ಹೆಣ್ಣಿಗೆ ಸಂಗಮ್ಮ, ಸಂಗವ್ವ, ಸಂಗಮೇಶ್ವರಿ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ಬೇರೆ ಹೆಸರಿಡಲು ಹಿರಿಯರು ಒಪ್ಪುವುದಿಲ್ಲ. ಇದಕ್ಕೆ ಇನ್ನೊಂದು ಬೇರೂ ಇದೆ. ಬಸವಣ್ಣನವರ ಇಷ್ಟದೈವ ಕೂಡಲಸಂಗಮದ ಸಂಗಮನಾಥ. ನೀಲಮ್ಮನವರ ವಚನಗಳ ಅಂಕಿತವೇ 'ಸಂಗಯ್ಯ'. ನಾಗಲಾಂಬಿಕೆಯವರದು 'ಬಸವಣ್ಣಪ್ರಿಯ ಚೆನ್ನಸಂಗಯ್ಯ'. ಆದ್ದರಿಂದ ನಮ್ಮ ಭಾಗದ ಒಬ್ಬ ಸಂಗಮ್ಮನ ಹೆಸರು ಊರ ಮುಂದಿನ ಗುಡಿಯಿಂದ ಬಂದಿರಬಹುದು, ಇನ್ನೊಬ್ಬಳದು ಕೃಷ್ಣೆ ಮಲಪ್ರಭೆಗಳ ಸಂಗಮದಿಂದ ಬಂದಿರಬಹುದು. ಎರಡೂ ನದಿಯ ನೆನಪೇ. ನೀರು ನೀರನ್ನು ಕೂಡುವ ಜಾಗದ ಹೆಸರು ಎರಡು ಭಾಷೆ ಕೂಡುವ ಗಡಿಯ ಮಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದೆ?

ಹೀಗೆಯೇ ಮೈಲಾರ ಮಲ್ಲಣ್ಣನಿಂದ ಮಲ್ಲಮ್ಮ, ರೇವಣಸಿದ್ಧೇಶ್ವರನಿಂದ ರೇವಮ್ಮ, ಹುಮನಾಬಾದಿನ ವೀರಭದ್ರನಿಂದ ಈರಮ್ಮ, ಕಲಬುರಗಿಯ ಶರಣಬಸವೇಶ್ವರರಿಂದ ಶರಣಮ್ಮ, ಮಾಣಿಕಪ್ರಭುಗಳಿಂದ ಮಾಣಿಕಮ್ಮ. ಹೆಸರು ಕೇಳಿದರೆ ಸಾಕು, ಅವರ ಅಜ್ಜಿ ಯಾವ ಜಾತ್ರೆಗೆ ನಡೆದು ಹೋಗುತ್ತಿದ್ದಳೆಂದು ಹೇಳಬಹುದು. ಖಾಜಾ ಬಂದೇನವಾಜರ ದರ್ಗಾ ಕಲಬುರಗಿಯಲ್ಲಿದೆ. ಅವರು ತೀರಿಕೊಂಡದ್ದು 1422ರಲ್ಲಿ. ಆರುನೂರು ವರ್ಷ ಕಳೆದರೂ ನಮ್ಮ ಭಾಗದಲ್ಲಿ ಖಾಜಾಬಿ ಎಂಬ ಹೆಸರು ಹಳತಾಗಿಲ್ಲ. ಮುಸಲ್ಮಾನರ ಮನೆಯಲ್ಲಿ ಮಾತ್ರವಲ್ಲ, ಹಿಂದೂ ಮನೆಗಳಲ್ಲಿಯೂ ಪೀರಮ್ಮ, ಹುಸೇನಮ್ಮ, ಫಕೀರವ್ವ ಇದ್ದಾರೆ. ಮೊಹರಮ್ಮಿನಲ್ಲಿ ಹರಕೆ ಹೊತ್ತ ತಾಯಿ ಮಗಳಿಗೆ ಆ ಹೆಸರನ್ನಿಟ್ಟಳು, ಅಷ್ಟೇ. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ.

ಅವ್ವ, ಅಮ್ಮ, ಬಾಯಿ, ಬೀ

ನಮ್ಮ ಭಾಗದ ಹೆಣ್ಣುಮಕ್ಕಳ ಹೆಸರಿಗೆ ನಾಲ್ಕು ಬಾಲಗಳಿವೆ. ಕನ್ನಡದ 'ಅವ್ವ', ಕನ್ನಡ ತೆಲುಗು ಎರಡಕ್ಕೂ ಸೇರಿದ 'ಅಮ್ಮ', ಮರಾಠಿಯ 'ಬಾಯಿ', ಉರ್ದುವಿನ 'ಬೀ'. ಕಾಶಿ ಎಂಬ ಒಂದೇ ಹೆಸರು ಒಂದು ಮನೆಯಲ್ಲಿ ಕಾಶವ್ವ, ಪಕ್ಕದ ಮನೆಯಲ್ಲಿ ಕಾಶಮ್ಮ, ಅದರಾಚೆಯ ಮನೆಯಲ್ಲಿ ಕಾಶೀಬಾಯಿ. ಲಕ್ಷ್ಮಿ ನಮ್ಮಲ್ಲಿ ಲಕ್ಷ್ಮವ್ವ, ಲಕ್ಕವ್ವ. ತೆಲುಗರಲ್ಲಿ ಲಚ್ಚಮ್ಮ, ಲಚ್ಚವ್ವ. ಮರಾಠಿಗರಲ್ಲಿ ಲಕ್ಷ್ಮೀಬಾಯಿ. ತಾಂಡಾಗಳಲ್ಲಿ ಸೋಮವಾರ ಹುಟ್ಟಿದವಳು ಸೋಮ್ಲಿ, ಮಂಗಳವಾರ ಹುಟ್ಟಿದವಳು ಮಂಗ್ಲಿ. ಶಾಲೆಗೆ ಬರುವಾಗ ಅವರು ಸೋಮ್ಲಿಬಾಯಿ, ಮಂಗ್ಲಿಬಾಯಿ ಆಗುತ್ತಾರೆ.

ಮದುವೆಯಾಗಿ ಗಡಿ ದಾಟಿದ ಹೆಣ್ಣಿನ ಬಾಲವೂ ಬದಲಾಗುತ್ತದೆ. ಔರಾದ ಕಡೆಯಿಂದ ನಾರಾಯಣಖೇಡಕ್ಕೆ ಬಂದ ಶಾಂತಾಬಾಯಿ ಇಲ್ಲಿ ಶಾಂತಮ್ಮ. ತಾಂಡೂರಿನಿಂದ ಸೇಡಂಗೆ ಹೋದ ನಾಗಮ್ಮ ಅಲ್ಲಿ ನಾಗವ್ವ. ಜೀವ ಒಂದೇ, ಊರ ನಾಲಿಗೆ ಬೇರೆ.

ಕರೆಯುವ ಹೆಸರು ಯಾಕೆ ಬೇಕಾಯಿತು?

ಮುದ್ದಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ಮುದ್ದು ನಿಜ. ಆದರೆ ಅದರ ಹಿಂದೆ ಒಂದು ಕಟ್ಟುಪಾಡೂ ಇದೆ.

ನಮ್ಮಲ್ಲಿ ತೀರಿಕೊಂಡ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ರೂಢಿ. ಅಜ್ಜಿ ಮತ್ತೆ ಹುಟ್ಟಿಬಂದಳು ಎಂಬ ನಂಬಿಕೆ. ಆದರೆ ಆ ಅಜ್ಜಿ ಮಗುವಿನ ತಾಯಿಗೆ ಅತ್ತೆ. ಅತ್ತೆಯ ಹೆಸರನ್ನು, ಗಂಡನ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು. ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿಯೇ ಹೇಳಬೇಕು! ಹಾಗಾದರೆ ತೊಟ್ಟಿಲಲ್ಲಿ ಅಳುವ ಮಗಳನ್ನು ಆ ತಾಯಿ ಏನೆಂದು ಕರೆಯಬೇಕು? ಅದಕ್ಕೇ 'ಅವ್ವಿ', 'ತಂಗಿ', 'ಅಮ್ಮವ್ವ', 'ಚಿನ್ನಿ', 'ಪುಟ್ಟಿ', 'ಬೇಬಿ' ಮುಂತಾದ ಹೆಸರುಗಳು. ಸೊಸೆಯ ಬಾಯಿ ಕಟ್ಟಿದ ಪದ್ಧತಿಯೇ ಮಗಳಿಗೆ ಎರಡನೆಯ ಹೆಸರು ಕೊಟ್ಟಿತು.

ಇದಲ್ಲದೆ ನಕ್ಷತ್ರದ ಪಾದ ನೋಡಿ ಐನೋರು ಅಥವಾ ಜೋಯಿಸರು ಕೊಡುವ ಅಕ್ಷರದ ಜನ್ಮನಾಮ ಬೇರೆ. ತೊಟ್ಟಿಲು ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಹೇಳುವ ಹೆಸರು ಬೇರೆ. ಹೆಸರು ಹೇಳಿದ ತಕ್ಷಣ ಅವಳ ಬೆನ್ನಿಗೆ ಎಲ್ಲರೂ ಸೇರಿ ಗುದ್ದುವ ಸಂಭ್ರಮವನ್ನು ನೋಡದವರಾರು? ಜನ್ಮನಾಮ ಜಾತಕದಲ್ಲಿ ಉಳಿಯುತ್ತದೆ, ಮದುವೆಯ ಮಾತುಕತೆಯವರೆಗೆ ಯಾರಿಗೂ ನೆನಪಿರುವುದಿಲ್ಲ. ಕಿವಿಯಲ್ಲಿ ಹೇಳಿದ್ದು ಶಾಲೆಗೆ ಬರುತ್ತದೆ. ಓಣಿಯಲ್ಲಿ ಉಳಿಯುವುದು ಮಾತ್ರ ಮೂರನೆಯದು.

ಕರೆಯುವ ಹೆಸರಿಗೆ ಒಂದು ವ್ಯಾಕರಣವೂ ಇದೆ. ಉದ್ದ ಹೆಸರನ್ನು ಮೊದಲ ಎರಡು ಮೂರು ಅಕ್ಷರಕ್ಕೆ ಕತ್ತರಿಸಿ ಕೊನೆಗೆ 'ಇ' ಅಥವಾ 'ಉ' ಹಚ್ಚುತ್ತಾರೆ. ಭಾಗೀರಥಿ 'ಭಾಗಿ', ಪಾರ್ವತಿ 'ಪಾರು', ಸರಸ್ವತಿ 'ಸರಸು', ರುಕ್ಮಿಣಿ 'ರುಕ್ಕಿ', ಶರಣಮ್ಮ 'ಶರಣಿ', ಸಂಗಮ್ಮ 'ಸಂಗಿ'. ಇದರಲ್ಲಿ ಒಂದು ಸೂಕ್ಷ್ಮವಿದೆ. ತಾಯಿ 'ಸಂಗಿ' ಎಂದರೆ ಮುದ್ದು. ಊರ ದೊಡ್ಡವರೆನಿಸಿಕೊಂಡವರು ಕೂಲಿಯವಳನ್ನು 'ಸಂಗಿ' ಎಂದರೆ ಅದು ಮುದ್ದಲ್ಲ. ಮೇಲಿನವರ ಮನೆಯ ಮಗಳು ಚಿಕ್ಕಂದಿನಲ್ಲೇ 'ಸಂಗಮ್ಮ', ಕೇರಿಯ ಮುದುಕಿ ಸಾಯುವವರೆಗೂ 'ಸಂಗಿ' ಎಂಬ ಕಾಲ ನಮ್ಮ ಹಳ್ಳಿಗಳಲ್ಲಿತ್ತು. 'ಅಮ್ಮ' ಎಂಬ ಎರಡಕ್ಷರಕ್ಕಾಗಿ ಒಂದು ಬದುಕೆಲ್ಲ ಕಾದವರಿದ್ದಾರೆ. ಇದನ್ನು ತಿಳಿದವರು, ತರಗತಿಯಲ್ಲಿ ಮಗುವಿನ ಪೂರ್ತಿ ಹೆಸರನ್ನು ಕರೆಯುವುದು ಯಾಕೆ ಮುಖ್ಯ ಎಂದು ಬೇರೆ ಕೇಳಬೇಕಾಗಿಲ್ಲ. ಶಾಲೆಯ ಹಾಜರಿ ಪುಸ್ತಕ ಎಲ್ಲ ಹುಡುಗಿಯರಿಗೂ ಒಂದೇ ಅಳತೆಯ ಹೆಸರು ಕೊಟ್ಟಿತು. ಅದು ಸಣ್ಣ ಸಾಧನೆಯಲ್ಲ.

ತಿಪ್ಪಮ್ಮ, ಪೆಂಟಮ್ಮ ಮತ್ತು ಸಾಕಮ್ಮ

'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ಗಾದೆ ಇದೆ. ಇದಕ್ಕೆ ತದ್ವಿರುದ್ಧವಾದ ಹೆಸರುಗಳೂ ಇವೆ. ಮನೆಯಲ್ಲಿ ಮುತ್ತಿನಂಥ ಮಗು, ಹೆಸರು ಮಾತ್ರ ತಿಪ್ಪೆಯದು!

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಇದು ಬೇಡದ ವಸ್ತು ಎಂದು ಸಾವು ಮೋಸಹೋಗಲಿ ಎಂಬುದು ತಾಯಿಯ ಲೆಕ್ಕ. ಆಶ್ಚರ್ಯವೆಂದರೆ ಇದೇ ಲೆಕ್ಕ ನಮ್ಮ ಗಡಿಯ ಎಲ್ಲ ಭಾಷೆಗಳಲ್ಲಿಯೂ ಇದೆ. ತೆಲುಗಿನಲ್ಲಿ 'ಪೆಂಟ' ಎಂದರೆ ತಿಪ್ಪೆ. ಹಳೆಯ ಮೆದಕ್ ಜಿಲ್ಲೆಯ ಯಾವ ಊರಿಗೆ ಹೋದರೂ ಒಬ್ಬ ಪೆಂಟಯ್ಯ, ಒಬ್ಬಳು ಪೆಂಟಮ್ಮ ಸಿಗುತ್ತಾರೆ. ನಮ್ಮ ಕಲ್ಲಮ್ಮ, ಗುಂಡಮ್ಮರಿಗೆ ಮರಾಠಿಯಲ್ಲಿ ಧೋಂಡಾಬಾಯಿ, ದಗಡಾಬಾಯಿ ಇದ್ದಾರೆ. ಧೋಂಡಾ, ದಗಡ ಎಂದರೆ ಕಲ್ಲು. ಮಗು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂಬ ಹಾರೈಕೆ. ಅಡವಿಯಲ್ಲಿ ಸಿಕ್ಕವಳೆಂದು ಹೇಳಿ ಅಡಿವೆಮ್ಮ. ಮೂರು ಭಾಷೆಯ ತಾಯಂದಿರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉಪಾಯ ಹೂಡಿದರು. ಆಸ್ಪತ್ರೆಯಿಲ್ಲದ, ಲಸಿಕೆಯಿಲ್ಲದ ಕಾಲದಲ್ಲಿ ಹೆಸರೇ ಔಷಧಿ. ಆದ್ದರಿಂದ ತಿಪ್ಪಮ್ಮ ಎಂಬ ಹೆಸರಿನ ಅಜ್ಜಿಯನ್ನು ಕಂಡರೆ ನಗಬೇಡಿ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಬಹಳ ಬೇಕಾದ ಮಗುವಿಗೆ ಮಾತ್ರ ಆ ಹೆಸರು ಸಿಗುತ್ತಿತ್ತು.

ಆದರೆ ಎಲ್ಲ ಹಳೆಯ ಹೆಸರುಗಳೂ ಹಾಗಲ್ಲ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ 'ಸಾಕಮ್ಮ' ಎಂದಿಟ್ಟದ್ದುಂಟು. ಸಾಕು, ಇನ್ನು ಹೆಣ್ಣು ಬೇಡ ಎಂದು. ಸಾಕಿ ಬೆಳೆಸಿದವಳು ಎಂಬ ಅರ್ಥದಲ್ಲಿಯೂ ಆ ಹೆಸರು ಇದೆ ಎನ್ನುವುದು ನಿಜ. ಬೆಂಗಳೂರಿನಲ್ಲಿ ಕಾಫಿಪುಡಿ ವ್ಯಾಪಾರದಿಂದ ಹೆಸರಾದ ಸಾಕಮ್ಮನವರು ಆ ಹೆಸರಿಗೆ ಘನತೆ ತಂದರು ಎನ್ನುವುದೂ ನಿಜ. ಆದರೂ ಯಾವ ಅರ್ಥದಲ್ಲಿ ಇಟ್ಟರು ಎಂಬುದು ಮನೆಯವರಿಗೆ ಗೊತ್ತು, ಆ ಹುಡುಗಿಗೂ ಗೊತ್ತು. ಮಹಾರಾಷ್ಟ್ರದಲ್ಲಿ ಇಂಥ ಹೆಸರು 'ನಕೂಶಾ' ಅಥವಾ 'ನಕೋಶಿ', ಬೇಡವಾದವಳು ಎಂದೇ ಅರ್ಥ. ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಒಂದು ಸಮಾರಂಭ ಮಾಡಿ ಇಂಥ 280ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಹೆಸರು ಬದಲಿಸಿದರೆ ಮನಸ್ಸು ಬದಲಾಗುತ್ತದೆಯೇ ಎಂದು ಕೇಳಬಹುದು. ಮನೆಯವರ ಮನಸ್ಸು ಬದಲಾಗುತ್ತದೋ ಇಲ್ಲವೋ, ದಿನಾ ಹಾಜರಿ ಕೂಗುವಾಗ ಆ ಮಗು 'ಬೇಡವಾದವಳು ಬಂದಿದ್ದೇನೆ' ಎಂದು ಎದ್ದು ನಿಲ್ಲುವುದಾದರೂ ತಪ್ಪುತ್ತದೆ.

ಹೀಗೆ ಹಳೆಯ ಹೆಸರುಗಳಲ್ಲಿ ಎರಡು ಬಗೆ. ಮಗು ಉಳಿಯಲಿ ಎಂದು ಇಟ್ಟ ಒರಟು ಹೆಸರು ಒಂದು ಬಗೆ. ಮಗು ಯಾಕೆ ಬಂತೋ ಎಂದು ಇಟ್ಟ ಹೆಸರು ಇನ್ನೊಂದು ಬಗೆ. ಮೊದಲನೆಯದನ್ನು ಗೌರವದಿಂದ ನೆನೆಯೋಣ. ಎರಡನೆಯದನ್ನು ಅಲ್ಲಿಗೇ ಬಿಡೋಣ.

ನಡುವಿನ ಹೆಸರಿನ ರಗಳೆ

ಈಗ ಅರ್ಜಿ ತುಂಬುವ ವಿಷಯ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದ್ ತಾಲೂಕು (ನಿರ್ಣಾ ಸರ್ಕಲ್ ಬಿಟ್ಟು), ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ, ತಾಂಡೂರು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. 2016ರಲ್ಲಿ ಮತ್ತೆ ಜಿಲ್ಲೆ ಬದಲಾಗಿ ನಾವು ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಯವರಾದೆವು. ಮನೆ ಅಲ್ಲೇ ಇದೆ, ದಫ್ತರು ಮಾತ್ರ ಬದಲಾಯಿತು. ದಫ್ತರು ಬದಲಾದಾಗಲೆಲ್ಲ ಹೆಸರು ಬರೆಯುವ ರೀತಿಯೂ ಬದಲಾಯಿತು.

ನಿಜಾಮರ ಕಾಲದ ಉರ್ದು ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ 'ವಲ್ದ್' ಎಂದು ಬರೆದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ 'ಜೌಜೆ' ಎಂದು ಬರೆದು ಗಂಡನ ಹೆಸರು. ಮೈಸೂರು ಕಡೆಯ ಕಾಗದಪತ್ರಗಳಲ್ಲಿ ಇದೇ ಕೆಲಸವನ್ನು 'ಬಿನ್' ಮತ್ತು 'ಕೋಂ' ಮಾಡಿದವು. ಬೀದರ್, ಕಲಬುರಗಿ ಕಡೆ ಇಂದಿಗೂ 'ಸಂಗಮ್ಮ ತಂದೆ ಶಿವಪ್ಪ', ಮದುವೆಯ ಮೇಲೆ 'ಸಂಗಮ್ಮ ಗಂಡ ಬಸಪ್ಪ' ಎಂದು ಬರೆಯುವ ರೂಢಿ ಇದೆ. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಸಂಗಮ್ಮ ಎಂದು ಬರೆದದ್ದನ್ನು ಮುಂದಿನ ಗುಮಾಸ್ತ ಸಿಂಗಮ್ಮ ಎಂದು ಓದಿದರೆ ಅವನನ್ನು ದೂರಿ ಫಲವಿಲ್ಲ.

ಇಂದು ನಮ್ಮ ಮಗಳ ಹೆಸರು ಮೂರು ರೀತಿ ಓಡಾಡುತ್ತದೆ. ತೆಲಂಗಾಣದ ಪದ್ಧತಿಯಲ್ಲಿ ಮನೆತನದ ಹೆಸರು, ಅಂದರೆ ಇಂಟಿ ಪೇರು, ಮೊದಲು ಬರುತ್ತದೆ: 'ಬಿರಾದಾರ ಸಂಗಮ್ಮ'. ಉತ್ತರ ಕರ್ನಾಟಕದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು: 'ಸಂಗಮ್ಮ ಶಿವಪ್ಪ ಬಿರಾದಾರ'. ಬೆಂಗಳೂರು ಕಡೆ ಇನಿಷಿಯಲ್: 'ಎಸ್. ಸಂಗಮ್ಮ'. ಅಡ್ಡಹೆಸರು ಎಂಬ ಮಾತೇ ನೋಡಿ, ಉತ್ತರದಲ್ಲಿ ಅದು ಮನೆತನದ ಹೆಸರು, ದಕ್ಷಿಣದಲ್ಲಿ ಓಣಿಯ ಹುಡುಗರು ಇಟ್ಟ ಗೇಲಿಯ ಹೆಸರು! ಒಬ್ಬಳೇ ಹುಡುಗಿ ಟಿ.ಸಿ.ಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು ಆದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಕಾಲೇಜಿಗೆ ಅರ್ಜಿ ಹಾಕಿದಾಗ ಎರಡು ಸಂಗಮ್ಮರು ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಲು ಓಡಾಡಬೇಕಾಗುತ್ತದೆ. ಗಂಡುಮಕ್ಕಳಿಗೆ ಈ ಓಡಾಟ ಒಮ್ಮೆ. ಹೆಣ್ಣುಮಕ್ಕಳಿಗೆ ಮದುವೆಯ ಮೇಲೆ ಮತ್ತೊಮ್ಮೆ. ಕೆಲವು ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಸೊಸೆಯ ಮೊದಲ ಹೆಸರನ್ನೇ ಬದಲಿಸುವ ಪದ್ಧತಿಯೂ ಇದೆ. ಅಕ್ಕಿಯ ಮೇಲಿನ ಹೆಸರು ಹತ್ತನೆಯ ತರಗತಿಯ ಮೆಮೊ ಮೇಲಿನ ಹೆಸರನ್ನು ಅಳಿಸಲಾರದು ಎಂಬುದನ್ನು ಪಾಲಕರು ಮರೆಯಬಾರದು.

ಇಷ್ಟೆಲ್ಲ ನಡುವಿನ ಹೆಸರುಗಳಲ್ಲಿ ತಾಯಿ ಎಲ್ಲಿದ್ದಾಳೆ? ವಲ್ದ್, ಜೌಜೆ, ಬಿನ್, ಕೋಂ, ತಂದೆ, ಗಂಡ, ಇಂಟಿ ಪೇರು - ಎಲ್ಲವೂ ಗಂಡಿನ ಕಡೆಯದೇ. ಮುತ್ತಜ್ಜನ ಹೆಸರು ಕೇಳಿದರೆ ಹೇಳುವ ಮಕ್ಕಳಿಗೆ ತಾಯಿಯ ತಾಯಿಯ ತಾ‍ಯಿಯ ಹೆಸರು ಗೊತ್ತಿರುವುದಿಲ್ಲ. ಯಾವ ಕಾಗದದಲ್ಲೂ ಅದು ಇಲ್ಲ. ಮಹಾರಾಷ್ಟ್ರ ಸರ್ಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಮನೆತನದ ಹೆಸರು ಬರೆಯಬೇಕೆಂದು ನಿಯಮ ಮಾಡಿದೆ. ತಾಯಿಯ ಹೆಸರನ್ನು ರನ್ನ ಸಾವಿರ ವರ್ಷದ ಹಿಂದೆಯೇ ಹೇಳಿದ್ದನ್ನು ನೆನೆದರೆ, ಇದು ಹೊಸ ಮಾತೂ ಅಲ್ಲ.

ಪಾಲಕರಿಗೆ ನಮ್ಮ ನಾಲ್ಕು ಮಾತು

ಒಂದು. ಬರೆಯುವ ಹೆಸರು ಮತ್ತು ಕರೆಯುವ ಹೆಸರು ಎರಡನ್ನೂ ಮೊದಲೇ ಯೋಚಿಸಿ. ಹಳೆಯ ಹೆಸರುಗಳಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ. ನೀಲಾಂಬಿಕೆ - ನೀಲಾ, ನೀಲು. ಮಹಾದೇವಿ - ಮಾದೇವಿ, ದೇವಿ. ಗಂಗಾಂಬಿಕೆ - ಗಂಗಾ. ಭಾಗೀರಥಿ - ಭಾಗಿ. ಚೆನ್ನಮ್ಮ - ಚೆನ್ನಿ. ಶಾಂತಲಾ - ಶಾಂತಿ. ಸಂಗಮೇಶ್ವರಿ - ಸಂಗಮಿ. ಇನ್ನು ಕೇತಕಿ. ನಮ್ಮೂರ ದೇವರ ಹೆಸರಿನಲ್ಲೇ ಇರುವ ಈ ಹೂವಿನ ಹೆಸರನ್ನು ಕತ್ತರಿಸುವ ಅಗತ್ಯವೇ ಇಲ್ಲ. ಮೂರಕ್ಷರ, ಯಾವ ಭಾಷೆಯವರ ನಾಲಿಗೆಗೂ ಕಷ್ಟವಿಲ್ಲ.

ಎರಡು. ಮಗಳ ಹೆಸರನ್ನು ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರು, ಅಲ್ಲಿ ತೊಂದರೆಯಿಲ್ಲ. ಹಿಂದಿ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲ. ಇಂಗ್ಲಿಷಿನಲ್ಲಿ ಚೆನ್ನಮ್ಮನಿಗೆ ಒಬ್ಬರು ಎ ಹಾಕಿದರೆ ಇನ್ನೊಬ್ಬರು ಇ ಹಾಕುತ್ತಾರೆ. ಒಂದನ್ನು ಗೊತ್ತುಮಾಡಿ ಎಲ್ಲ ಕಡೆ ಅದನ್ನೇ ಬರೆಸಿ.

ಮೂರು. ಜನನ ನೋಂದಣಿಯಲ್ಲಿ ಹೆಸರಿನ ಜಾಗ ಖಾಲಿ ಬಿಡಬೇಡಿ. 1969ರ ಕಾಯ್ದೆಯ ಪ್ರಕಾರ ಹೆಸರಿಲ್ಲದೆ ನೋಂದಣಿಯಾಗಿದ್ದರೆ ಆಮೇಲೂ ಹೆಸರು ಸೇರಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಹಿಡಿದು ಅನೇಕ ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ತೊಟ್ಟಿಲ ಕಾರ್ಯ ತಡವಾದರೂ ಪರವಾಗಿಲ್ಲ, ಇದು ತಡವಾಗಬಾರದು.

ನಾಲ್ಕು. 'ಅಮ್ಮ', 'ಅವ್ವ' ಎಂದರೆ ಹಳ್ಳಿಯ ಹೆಸರು ಎಂದು ನಾಚುವ ಮಗಳಿಗೆ ಅತ್ತಿಮಬ್ಬೆಯ, ಅಕ್ಕನಾಗಮ್ಮನ, ಕಿತ್ತೂರಿನ ಚೆನ್ನಮ್ಮನ ಕಥೆ ಹೇಳಿ. ಹೊಸ ಹೆಸರು ಇಡಲೇಬೇಡಿ ಎಂದು ನಾವು ಹೇಳುವುದಿಲ್ಲ. ಪ್ರತಿ ಕಾಲವೂ ತನ್ನ ಹೆಸರನ್ನು ತಂದಿದೆ, 'ಬಾಯಿ' ಎಂಬುದೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಆದರೆ ಸೀರಿಯಲ್ಲಿನಲ್ಲಿ ಕೇಳಿದ ಹೆಸರಿಗೆ ಅರ್ಥ ಹುಡುಕುವ ಮೊದಲು, ಮನೆಯ ಅಜ್ಜಿಯನ್ನು ಕೂಡಿಸಿಕೊಂಡು 'ನಿನ್ನ ಅವ್ವನ ಹೆಸರೇನು, ಅವಳ ಅವ್ವನ ಹೆಸರೇನು' ಎಂದು ಕೇಳಿ.

ಶಿಕ್ಷಕ ಮಿತ್ರರಿಗೂ ಒಂದು ವಿನಂತಿ. ಐದನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ತಾಯಿಯ ಕಡೆಯ ನಾಲ್ಕು ತಲೆಮಾರಿನ ಹೆಂಗಸರ ಹೆಸರು, ಅವರನ್ನು ಕರೆಯುತ್ತಿದ್ದ ಹೆಸರು, ಅವರ ತವರೂರು ಇಷ್ಟನ್ನು ಬರೆದು ತರಲು ಹೇಳಿ. ಅದರಲ್ಲಿ ಬೀದರ್ ಬರುತ್ತದೆ, ಔರಾದ ಬರುತ್ತದೆ, ಚಿಂಚೋಳಿ ಬರುತ್ತದೆ. 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆಯನ್ನು ನಮ್ಮ ಸಂಗಮ್ಮ, ನೀಲಮ್ಮ, ಪೆಂಟಮ್ಮರು ಬುತ್ತಿ ಕಟ್ಟಿಕೊಂಡು ಎಷ್ಟು ಸಲ ದಾಟಿದ್ದಾರೆ ಎಂಬುದು ಆ ಹಾಳೆಗಳಲ್ಲಿ ಸಿಗುತ್ತದೆ. ಬರೆಸಿದ ಹಾಳೆಗಳನ್ನು ಮಾತ್ರ ರದ್ದಿಗೆ ಹಾಕಬೇಡಿ, ಶಾಲೆಯ ಬೀರುವಿನಲ್ಲಿ ಜೋಪಾನವಾಗಿಡಿ.